ಮಲಪ್ರಭಾ ತೀರದಲ್ಲಿ ಪೀಡಿತ ಪತ್ನಿಯರ ಆಶ್ರಯ

೧. ಪ್ರಸ್ತಾವನೆ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಕನ್ನಡ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಗಾದೆಯನ್ನು ಕಟ್ಟಿದವರು ಲೋಕಾನುಭವವುಳ್ಳವರೇ ಸರಿ. ಸಾಮಾನ್ಯವಾದ ಮನಸ್ತಾಪವು ಒಂದು ಊಟ, ಒಂದು ನಿದ್ರೆ ಇಷ್ಟರ ಮೇಲೆ ಉಳಿಯಲಾರದು. ಆದರೆ ಈ ಗಾದೆಯಲ್ಲಿ ಎರಡು ಸಂಗತಿಗಳು ಗೃಹೀತವಾಗಿವೆ. ಉಣ್ಣಲು ಅನ್ನವುಂಟೆಂಬುದು ಒಂದು. ಮಲಗಲು ಸ್ಥಳವುಂಟೆಂಬುದು ಇನ್ನೊಂದು. ಉಣ್ಣುವ ಹೊತ್ತಿಗೇ ಹೊಡೆತ ಬೀಳುವ ಮನೆಯಲ್ಲಿ, ಮಲಗುವ ಹೊತ್ತಿಗೇ ಹೊಸ್ತಿಲಾಚೆ ನೂಕಲ್ಪಡುವ ಹೆಂಗಸಿನ ವಿಷಯದಲ್ಲಿ ಈ ಗಾದೆಯು ಏನನ್ನೂ ಹೇಳುವುದಿಲ್ಲ. ಅಂಥವಳು ಆ ರಾತ್ರಿ ಎಲ್ಲಿಗೆ ಹೋಗಬೇಕು? ಅವಳಿಗೆ ಬಾಗಿಲು ತೆರೆದವರನ್ನು ಸಮಾಜವೂ ರಾಜ್ಯವೂ ಹೇಗೆ ಕಾಣುತ್ತವೆ? ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳೇ ಪ್ರಸ್ತುತ ಲೇಖನದ ವಿಷಯವು.

ಸಹ್ಯಾದ್ರಿಯ ಮಗ್ಗುಲಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮೂಡಣಕ್ಕೆ ಹರಿಯುತ್ತ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಸೀಮೆಯನ್ನು ಹಾಯ್ದು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಎರೆಯ ಹೊಲಗಳ ಈ ಸೀಮೆಯು ಸ್ತ್ರೀಯರ ಶೌರ್ಯಕ್ಕೆ ಹೆಸರಾದದ್ದು. ಬೆಳವಡಿಯ ಮಲ್ಲಮ್ಮನೂ ಕಿತ್ತೂರಿನ ಚೆನ್ನಮ್ಮನೂ ಈ ನೀರನ್ನೇ ಕುಡಿದವರು. ಕೋಟೆಯನ್ನು ಕಾಯ್ದ ಹೆಂಗಸರ ಚರಿತ್ರೆಯು ಬರೆಯಲ್ಪಟ್ಟಿದೆ. ಶಾಲೆಯ ಮಕ್ಕಳಿಗೂ ಅದು ತಿಳಿದಿದೆ. ಮನೆಯೊಳಗೇ ತಮ್ಮ ಮೈಯನ್ನು ಕಾಯ್ದುಕೊಳ್ಳಬೇಕಾದ ಹೆಂಗಸರ ಚರಿತ್ರೆಯಾದರೋ ಶಾಸ್ತ್ರಗ್ರಂಥಗಳಲ್ಲಿ, ನ್ಯಾಯಾಲಯಗಳ ತೀರ್ಪುಗಳಲ್ಲಿ, ಆಶ್ರಮಗಳ ಇತಿವೃತ್ತಗಳಲ್ಲಿ ಚದುರಿ ಬಿದ್ದಿದೆ. ಅದನ್ನು ಒಂದೆಡೆಗೆ ತಂದು ನೋಡುವುದು ಅವಶ್ಯವಾಗಿದೆ.

೨. ಶಾಸ್ತ್ರಕಾರರ ಅಭಿಪ್ರಾಯ

ಹಿಂದಿನ ಕಾಲದಲ್ಲಿ ಹೆಂಡತಿಯನ್ನು ಹೊಡೆಯುವುದು ಗಂಡನ ಹಕ್ಕೇ ಆಗಿತ್ತೆಂದು ಕೆಲವರೂ, ಪ್ರಾಚೀನರ ಮನೆಗಳಲ್ಲಿ ಇಂಥ ಕ್ರೌರ್ಯವೇ ಇರಲಿಲ್ಲವೆಂದು ಕೆಲವರೂ ವಾದಿಸುವುದುಂಟು. ಎರಡೂ ಗ್ರಂಥಗಳನ್ನು ತೆರೆದು ನೋಡದವರ ಮಾತುಗಳು. ಸ್ತ್ರೀಯರು ದುಃಖಿಸುವ ಕುಲವು ನಾಶವಾಗುವುದೆಂದು ಮೂರನೆಯ ಅಧ್ಯಾಯದಲ್ಲಿ ಹೇಳಿದ ಮನುಸ್ಮೃತಿಯೇ ಎಂಟನೆಯ ಅಧ್ಯಾಯದಲ್ಲಿ, ತಪ್ಪು ಮಾಡಿದ ಹೆಂಡತಿ, ಮಗ, ಸೇವಕ, ಶಿಷ್ಯ ಇವರನ್ನು ಹಗ್ಗದಿಂದಾಗಲಿ ಸೀಳಿದ ಬಿದಿರಿನಿಂದಾಗಲಿ ಬೆನ್ನಿನ ಮೇಲೆ ಹೊಡೆಯಬಹುದೆಂದು ಅನುಮತಿಸಿದೆ. ತಲೆಯ ಮೇಲೆ ಹೊಡೆದವನಿಗೆ ಕಳ್ಳನ ಪಾಪವು ಬರುವುದೆಂದೂ ಹೇಳಿದೆ. ಮನ್ನಣೆಯ ಮಾತನ್ನು ಮಾತ್ರ ಎತ್ತಿ ಹೇಳಿ ಏಟಿನ ಮಾತನ್ನು ಮರೆಮಾಚುವುದು ಪಂಡಿತರಿಗೆ ಶೋಭಿಸುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ವಿಶೇಷವಾಗಿ ವಿಚಾರಣೀಯವಾಗಿದೆ. ಶತಮಾನಗಳ ವರೆಗೆ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಭಂಡಾರದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಕನ್ನಡ ನಾಡಿನಿಂದಲೇ ಜಗತ್ತಿಗೆ ಮರಳಿ ದೊರೆತ ಗ್ರಂಥವದು. ಅದರ ರಾಜನೀತಿಯನ್ನು ಕುರಿತು ಬಹಳ ಚರ್ಚೆ ನಡೆದಿದೆ. ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ಗೃಹಕೃತ್ಯದ ಬಗ್ಗೆ ಬಂದಿರುವ ಮಾತುಗಳನ್ನು ಓದಿದವರು ಕಡಿಮೆ. ಹೆಂಡತಿಗೆ ವಿನಯವನ್ನು ಕಲಿಸುವ ನೆಪದಿಂದ ಮೂರು ಏಟಿಗಿಂತ ಹೆಚ್ಚು ಹೊಡೆದ ಗಂಡನಿಗೆ ದಂಡವನ್ನು ಅಲ್ಲಿ ವಿಧಿಸಿದೆ. ಗಂಡನ ಮನೆಯನ್ನು ಬಿಟ್ಟು ಹೊರಟ ಹೆಂಡತಿಗೆ ಆರು ಪಣ ದಂಡವೆಂದು ಹೇಳಿ, ಪೀಡೆಗೆ ಒಳಗಾಗಿ ಹೊರಟವಳಿಗೆ ಮಾತ್ರ ಈ ದಂಡವಿಲ್ಲವೆಂದು ಅಪವಾದವನ್ನು ಮಾಡಿದೆ. ಪರರ ಹೆಂಡತಿಗೆ ತನ್ನ ಮನೆಯಲ್ಲಿ ಎಡೆಗೊಟ್ಟವನಿಗೆ ನೂರು ಪಣ ದಂಡವೆಂದು ಹೇಳಿ, ಅಲ್ಲಿಯೂ ಆಪತ್ಕಾಲವನ್ನು ಹೊರತುಪಡಿಸಿದೆ.

ಈ ಎರಡು ಅಪವಾದಗಳನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಒಂದು, ಹೊರಗೆ ಹೋಗುವವಳಿಗೆ ಸಂಬಂಧಿಸಿದ್ದು. ಮತ್ತೊಂದು, ಒಳಗೆ ಕರೆದುಕೊಳ್ಳುವವರಿಗೆ ಸಂಬಂಧಿಸಿದ್ದು. ಮೊದಲನೆಯ ಬಾಗಿಲು ತೆರೆದು ಎರಡನೆಯದು ಮುಚ್ಚಿದ್ದರೆ ಅವಳು ಬೀದಿಯ ಪಾಲಾಗುವಳು. ಇದನ್ನು ಆ ಶಾಸ್ತ್ರಕಾರನು ಬಲ್ಲವನಾಗಿದ್ದನು. ಅವಳು ಯಾರ ಮನೆಗೆ ಹೋಗಬಹುದೆಂಬುದರ ಮೇಲೂ ಅಲ್ಲಿ ಚರ್ಚೆಯಿದೆ. ಗಂಡನ ಬಂಧುಗಳು, ಗ್ರಾಮದ ಮುಖ್ಯಸ್ಥ, ಭಿಕ್ಷುಕಿ, ತನ್ನ ಜ್ಞಾತಿಗಳು ಮೊದಲಾದವರ ಪೈಕಿ ಗಂಡಸರಿಲ್ಲದ ಮನೆಗೆ ಹೋದರೆ ದೋಷವಿಲ್ಲವೆಂಬುದು ಪೂರ್ವಾಚಾರ್ಯರ ಮತವು. ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡಸರಿರುವ ಜ್ಞಾತಿಗೃಹಕ್ಕೆ ಹೋದರೂ ದೋಷವಿಲ್ಲವೆನ್ನುವನು. ಸಾಧ್ವಿಯಾದವಳಲ್ಲಿ ಕಪಟವೆಲ್ಲಿಯದು ಎಂಬುದು ಅವನ ಅಭಿಪ್ರಾಯವು.

ಇರಲಿ. ಮನೆಯಿಂದ ಹೊರಬಿದ್ದವಳು ಏನನ್ನು ಉಣ್ಣಬೇಕು? ಕಾತ್ಯಾಯನನು ಇದಕ್ಕೂ ಉತ್ತರವನ್ನು ಹೇಳಿದ್ದಾನೆ. ಎರಡನೆಯ ಹೆಂಡತಿಯನ್ನು ತಂದು ಮೊದಲಿನವಳನ್ನು ಆದರಿಸದ ಗಂಡನಿಂದ, ಅವಳು ಪ್ರೀತಿಯಿಂದ ಕೊಟ್ಟಿದ್ದ ಸ್ತ್ರೀಧನವನ್ನು ಸಹ ಬಲಾತ್ಕಾರದಿಂದ ಕೊಡಿಸಬೇಕು. ಗ್ರಾಸ, ಆಚ್ಛಾದನ, ವಾಸ ಈ ಮೂರು ತಪ್ಪಿಹೋದಲ್ಲಿ ಸ್ತ್ರೀಯು ತನ್ನದನ್ನು ಕೇಳಿ ಪಡೆಯಬಹುದು ಎಂಬುದು ಅವನ ನಿರ್ಣಯವು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ದಾಯದಿಂದ ಬಂದದ್ದು, ಕ್ರಯಕ್ಕೆ ಪಡೆದದ್ದು ಮುಂತಾದ ಎಲ್ಲವನ್ನೂ ಸೇರಿಸಿ ಸ್ತ್ರೀಧನದ ಅರ್ಥವನ್ನು ವಿಸ್ತರಿಸಿದನು. ಆಗ ಸುಗಂಧವರ್ತಿಯೆಂದು ಕರೆಯಲ್ಪಡುತ್ತಿದ್ದ ಸವದತ್ತಿಯಲ್ಲಿ ಆಳುತ್ತಿದ್ದ ರಟ್ಟರು ಅದೇ ಚಾಲುಕ್ಯರ ಸಾಮಂತರು. ಹೀಗೆ ಹೊರಗೆ ಹೋಗುವ ದಾರಿ, ಆಶ್ರಯದ ಮನೆ, ಜೀವನದ ಸಾಧನ ಈ ಮೂರರ ವಿಚಾರವೂ ಪ್ರಾಚೀನರಿಗೆ ಹೊಳೆದಿತ್ತು. ಆದರೆ ಗ್ರಂಥದಲ್ಲಿರುವುದೆಲ್ಲವೂ ಗ್ರಾಮದಲ್ಲಿ ನಡೆಯಿತೆಂದು ತಿಳಿಯಬಾರದು. ಹಳ್ಳಿಯ ಹೆಂಗಸಿಗೆ ಶಾಸ್ತ್ರವು ತಲುಪುತ್ತಿದ್ದುದು ಗಂಡಸರ ಬಾಯಿಂದ. ಅವರ ಬಾಯಲ್ಲಿ ಏಟಿನ ಅನುಮತಿಯು ಉಳಿದಷ್ಟು ಕಾಲ ಅಪವಾದಗಳು ಉಳಿಯಲಿಲ್ಲ.

೩. ಗುಡ್ಡ, ನದಿ, ಕೋಟೆ

ಸವದತ್ತಿಯ ಯಲ್ಲಮ್ಮನ ಗುಡ್ಡವು ಈ ಸೀಮೆಯ ಹೆಂಗಸರಿಗೆ ಪರಮ ಕ್ಷೇತ್ರವು. ಅಲ್ಲಿಯ ದೇವಿಯ ಕಥೆಯನ್ನು ಅರಿಯದವರಿಲ್ಲ. ಜಮದಗ್ನಿಯ ಪತ್ನಿಯಾದ ರೇಣುಕೆಯು ನೀರಿಗೆ ಹೋದಲ್ಲಿ ಕ್ಷಣಕಾಲ ಮನಸ್ಸು ಚಲಿಸಿದ್ದಕ್ಕಾಗಿ ಪತಿಯು ಕೋಪಿಸಿ, ಮಗನ ಕೈಯಿಂದಲೇ ಅವಳ ಶಿರಸ್ಸನ್ನು ಕಡಿಸಿದನು. ಆ ಮಗನೇ ವರವನ್ನು ಬೇಡಿ ತಾಯಿಯನ್ನು ಮರಳಿ ಬದುಕಿಸಿಕೊಂಡನು. ಪುರಾಣದ ತತ್ತ್ವಾರ್ಥವು ಏನೇ ಇರಲಿ, ಭಕ್ತೆಯರು ಆ ಗುಡ್ಡವನ್ನು ಹತ್ತುವುದು ಕೊಂದವನ ಕೀರ್ತನೆಗಲ್ಲ, ಬದುಕಿ ಬಂದವಳ ದರ್ಶನಕ್ಕೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ದೇವಿಯು ವಿಧವೆಯಾಗುವಳೆಂದು ಬಳೆ ಒಡೆಯುವ, ಮಾಘದ ಭಾರತ ಹುಣ್ಣಿಮೆಗೆ ಅವಳಿಗೆ ಮರಳಿ ಮುತ್ತೈದೆತನವು ಬರುವುದೆಂದು ಹಬ್ಬ ಮಾಡುವ ಸಂಪ್ರದಾಯವು ಅಲ್ಲಿ ನಡೆದುಬಂದಿದೆ. ತನ್ನ ದುಃಖವನ್ನು ಮನೆಯಲ್ಲಿ ಹೇಳಿಕೊಳ್ಳಲಾರದ ಹೆಂಗಸು, ಅದೇ ದುಃಖವನ್ನು ಉಂಡ ತಾಯಿಯೆದುರು ಕುಳಿತು ಅಳಬಹುದಾಗಿತ್ತು. ಆದರೆ ಜಾತ್ರೆ ಮುಗಿದ ಮೇಲೆ ಅವಳು ಅದೇ ಮನೆಗೆ ತಿರುಗಿ ಹೋಗಬೇಕಾಗಿತ್ತು.

ಅದೇ ಗುಡ್ಡದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿಯೂ ಬೆಳೆಯಿತು. ಹಾಗೆ ಬಿಡಲ್ಪಟ್ಟವಳು ಯಾವ ಗಂಡನ ಮನೆಗೂ ಹೋಗದೆ ತಂದೆಯ ಮನೆಯಲ್ಲಿಯೇ ಮಗನಂತೆ ಉಳಿಯುತ್ತಿದ್ದಳು. ಗಂಡನು ಹೊರಗೆ ನೂಕಲಾರದ ಸೂರು ಅವಳಿಗೆ ದೊರೆಯಿತೆಂಬುದು ನಿಜವು. ಅದಕ್ಕೆ ಅವಳು ತೆತ್ತ ಬೆಲೆಯು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ೧೯೩೪ರಲ್ಲಿ ಮುಂಬಯಿ ಇಲಾಖೆಯಲ್ಲಿಯೂ, ೧೯೮೨ರಲ್ಲಿ ಕರ್ನಾಟಕದಲ್ಲಿಯೂ ಈ ಪದ್ಧತಿಯ ವಿರುದ್ಧ ಕಾಯಿದೆಗಳಾದವು. ೧೯೯೭ರಲ್ಲಿ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರೇ ಒಂದುಗೂಡಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಪರರು ಕೊಟ್ಟ ಆಶ್ರಯಕ್ಕಾಗಿ ಕಾಯದೆ ಸ್ತ್ರೀಯರು ತಮಗೆ ತಾವೇ ಆಸರೆಯಾದ ಉದಾಹರಣೆಯಾಗಿ ಅದು ಸ್ಮರಣೀಯವಾಗಿದೆ.

ದೇವರಿಗಾಗಿ ಮನೆಬಿಟ್ಟ ಹೆಂಗಸನ್ನು ಈ ನಾಡು ಪೂಜಿಸಿದೆ. ಕೌಶಿಕನ ಅರಮನೆಯನ್ನು ತೊರೆದ ಅಕ್ಕಮಹಾದೇವಿಗೆ ಕಲ್ಯಾಣದ ಶರಣರು ತಮ್ಮ ನಡುವೆ ಎಡೆಗೊಟ್ಟರು. ಕಲ್ಯಾಣದ ಕ್ಷೋಭೆಯ ಕಾಲದಲ್ಲಿ ಇತ್ತ ಕಡೆಗೆ ಬಂದ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವು ಕಿತ್ತೂರ ಸಮೀಪದ ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆಯೇ ಇದೆಯೆಂಬುದು ಪರಂಪರೆಯ ನಂಬಿಕೆಯು. ಆದರೆ ದೇವರ ಹಂಬಲವಿಲ್ಲದೆ, ಕೇವಲ ತನ್ನ ಎಲುಬನ್ನು ಉಳಿಸಿಕೊಳ್ಳುವುದಕ್ಕಾಗಿ ಹೊರಟವಳಿಗೆ ಆ ಗೌರವವು ದೊರೆಯಲಿಲ್ಲ. ಮನೆಬಿಟ್ಟವಳು ಒಂದೋ ಶರಣೆಯಾಗಬೇಕು, ಇಲ್ಲವೆ ಕೆಟ್ಟವಳೆನಿಸಬೇಕು. ನಡುವಿನ ದಾರಿಯೇ ಇರಲಿಲ್ಲ.

ಬೈಲಹೊಂಗಲದ ಕೋಟೆಯು ಬೇರೊಂದು ಪಾಠವನ್ನು ಕಲಿಸುವುದು. ೧೮೨೪ರ ಅಕ್ಟೋಬರ ೨೩ರಂದು ಠಾಕರೆಯು ಕಿತ್ತೂರಿನ ಕೋಟೆಯೆದುರು ಮಡಿದ ಮೇಲೆ, ಅದೇ ವರ್ಷದ ಡಿಸೆಂಬರದಲ್ಲಿ ಕೋಟೆಯು ಕಂಪನಿಯ ಕೈವಶವಾಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ಕರೆತಂದು ಇರಿಸಿದರು. ಅನ್ನವಸ್ತ್ರಗಳಿಗೆ ಕೊರತೆಯಾಗದಿದ್ದರೂ ಹೊರಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ೧೮೨೯ರಲ್ಲಿ ಅಲ್ಲಿಯೇ ಅವಳು ತೀರಿಕೊಂಡಳು. ಅವಳ ಸಮಾಧಿಯು ಈಗಲೂ ಆ ಊರಲ್ಲಿದೆ. ಗ್ರಾಸಾಚ್ಛಾದನಗಳುಂಟು, ಕಾವಲುಂಟು, ಆದರೆ ಬಾಗಿಲಿನ ಕೀಲಿಯು ಪರರ ಕೈಯಲ್ಲಿದೆ: ಇಂಥ ಸ್ಥಳಕ್ಕೆ ಆಶ್ರಯವೆಂದು ಹೆಸರಿಟ್ಟರೂ ಅದು ಸೆರೆಯೇ. ಮುಂದೆ ಸ್ತ್ರೀಯರಿಗಾಗಿ ಕಟ್ಟಲ್ಪಟ್ಟ ಎಲ್ಲ ನಿಲಯಗಳನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

೪. ಇಂಗ್ಲಿಷರ ನ್ಯಾಯಾಲಯ

ಪೇಶವೆಯರ ಪತನದ ನಂತರ ಬೆಳಗಾವಿಯ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿತು. ಸವದತ್ತಿ, ಬೈಲಹೊಂಗಲಗಳ ದಂಪತಿಗಳಿಗೂ ಮುಂಬಯಿಯ ಹೈಕೋರ್ಟಿನ ನಿರ್ಣಯವೇ ಪ್ರಮಾಣವಾಯಿತು. ಆದಕಾರಣ ಮುಂಬಯಿಯಲ್ಲಿ ನಡೆದ ರುಖಮಾಬಾಯಿಯ ಖಟ್ಲೆಯು ಈ ಸೀಮೆಯ ಇತಿಹಾಸಕ್ಕೂ ಸೇರಿದ್ದಾಗಿದೆ.

ರುಖಮಾಬಾಯಿಯು ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೆಂಬವನಿಗೆ ಮದುವೆಯಾಗಿ, ಗಂಡನ ಮನೆಗೆ ಹೋಗದೆ ಮಲತಂದೆಯ ಮನೆಯಲ್ಲಿ ಓದುತ್ತ ಉಳಿದಳು. ೧೮೮೪ರಲ್ಲಿ ಗಂಡನು ದಾವೆ ಹೂಡಿದನು. ಮೊದಲು ತೀರ್ಪು ಅವಳ ಪರವಾಗಿ ಬಂದರೂ, ೧೮೮೭ರ ಮಾರ್ಚಿನಲ್ಲಿ ನ್ಯಾಯಾಧೀಶ ಫ್ಯಾರನರು ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳು ಸೆರೆಮನೆಯಲ್ಲಿರಬೇಕು ಎಂದು ಆಜ್ಞಾಪಿಸಿದರು. ಸೆರೆಮನೆಗೆ ಹೋಗಲು ಸಿದ್ಧಳೆಂದು ಅವಳು ಉತ್ತರವಿತ್ತಳು. ೧೮೮೮ರಲ್ಲಿ ಎರಡು ಸಾವಿರ ರೂಪಾಯಿಗಳ ಮೇಲೆ ರಾಜಿಯಾಯಿತು. ಮುಂದೆ ಅವಳು ವಿಲಾಯತಿಯಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದು ಸೂರತದಲ್ಲಿ ಬಹುಕಾಲ ಸೇವೆ ಸಲ್ಲಿಸಿದಳು. ಆರು ಪಣ ದಂಡವನ್ನು ಹೇಳಿದ ಪ್ರಾಚೀನನು ಪೀಡಿತೆಗೆ ವಿನಾಯಿತಿಯನ್ನಿತ್ತಿದ್ದನು; ಸುಧಾರಿಸಿದ ಆಳಿಕೆಯು ಆರು ತಿಂಗಳ ಸೆರೆಯನ್ನು ಇದಿರಿಗೆ ಹಿಡಿಯಿತು. ಪ್ರಾಣಕ್ಕೆ ಅಪಾಯವಾಗುವಂಥ ಕ್ರೌರ್ಯವನ್ನು ರುಜುವಾತು ಮಾಡಿದವಳಿಗೆ ನ್ಯಾಯಾಲಯವು ಕರುಣೆ ತೋರಬಹುದಾಗಿತ್ತು. ಆದರೆ ನಾಲ್ಕು ಗೋಡೆಗಳ ನಡುವಿನ ಕ್ರೌರ್ಯಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಇಂಥ ತೀರ್ಪನ್ನು ಮೀರಿದ ಹೆಂಡತಿಯನ್ನು ಸೆರೆಗೆ ಹಾಕುವ ನಿಯಮವು ೧೯೨೩ರ ತಿದ್ದುಪಡಿಯಿಂದ ಹೋಯಿತು.

ಇದು ಹೊರಗೆ ಹೋಗುವ ಬಾಗಿಲಿನ ಸ್ಥಿತಿಯು. ಒಳಗೆ ಕರೆದುಕೊಳ್ಳುವ ಬಾಗಿಲಿನ ಮೇಲೂ ಕಾಯಿದೆಯ ನೆರಳಿತ್ತು. ೧೮೬೦ರ ದಂಡಸಂಹಿತೆಯ ೪೯೮ನೆಯ ಕಲಮು, ಪರರ ಹೆಂಡತಿಯನ್ನು ದುರುದ್ದೇಶದಿಂದ ಒಯ್ದು ಬಚ್ಚಿಟ್ಟವನಿಗೆ ಶಿಕ್ಷೆಯನ್ನು ವಿಧಿಸಿತು. ಆಶ್ರಯವಿತ್ತವರೆಲ್ಲರೂ ಅದಕ್ಕೆ ಗುರಿಯಾಗುತ್ತಿರಲಿಲ್ಲವಾದರೂ, ಗಂಡನು ಅಂಥ ಆರೋಪವನ್ನು ಹೊರಿಸಿಯಾನೆಂಬ ಅಂಜಿಕೆಯೇ ನೆರೆಯವರ ಅಗುಳಿಯನ್ನು ಬಿಗಿಗೊಳಿಸಲು ಸಾಕಾಗುತ್ತಿತ್ತು. ರಾಮದುರ್ಗವಾದರೋ ಭಾವೆ ಮನೆತನದ ಸಂಸ್ಥಾನವಾಗಿತ್ತು. ೧೯೪೮ರಲ್ಲಿ ವಿಲೀನವಾಗುವವರೆಗೆ ಬ್ರಿಟಿಷ್ ಹಿಂದುಸ್ಥಾನದ ಕಾಯಿದೆಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಸವದತ್ತಿಯಲ್ಲಿ ಹುಟ್ಟಿ ರಾಮದುರ್ಗದಲ್ಲಿ ಕೊಟ್ಟ ಹೆಣ್ಣು ಒಂದು ಹಗಲಿನ ದಾರಿಯೊಳಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದಳು.

೫. ಆಶ್ರಮಗಳ ಉದಯ

ಇಂಥ ಕಾಲದಲ್ಲಿ ಸ್ತ್ರೀಯರಿಗಾಗಿ ಬಾಗಿಲು ತೆರೆದವರಲ್ಲಿ ಅಗ್ರಗಣ್ಯಳಾದವಳು ಕನ್ನಡ ನೆಲದಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿಯು. ಅವಳ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಸ್ವಜನರ ಆಕ್ಷೇಪಣೆಗೆ ಗುರಿಯಾಗಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ನೆಲೆಸಿದ್ದರು. ಅಲ್ಲಿ ೧೮೫೮ರಲ್ಲಿ ಹುಟ್ಟಿದ ರಮಾಬಾಯಿಯು ತಾಯಿಯ ಬಾಯಿಂದಲೇ ಸಂಸ್ಕೃತವನ್ನು ಕಲಿತು, ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಪಡೆದಳು. ೧೮೮೯ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದಳು. ನಂತರ ಕೇಡಗಾಂವದಲ್ಲಿ ಮುಕ್ತಿಸದನವನ್ನು ಸ್ಥಾಪಿಸಿದಳು. ಅವಳ ಮತಾಂತರದ ವಿಷಯವಾಗಿ ಅಂದು ಬಹಳ ವಾದಗಳಾದವು. ಆದರೆ ಹೆಂಗಸರಿಗೆ ಸೂರನ್ನು ಕೊಟ್ಟರೆ ಸಾಲದು, ಅದರೊಂದಿಗೆ ವಿದ್ಯೆಯೂ ಕಸುಬೂ ಬೇಕೆಂದು ಕಾರ್ಯತಃ ತೋರಿಸಿದವಳು ಅವಳೆಂಬುದು ನಿರ್ವಿವಾದವು. ಶಾರದಾ ಸದನದಲ್ಲಿ ಕಲಿತ ಗೋದೂಬಾಯಿಯನ್ನು ೧೮೯೩ರಲ್ಲಿ ಮದುವೆಯಾದ ಧೋಂಡೋ ಕೇಶವ ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಆರಂಭಿಸಿದರು.

ಇದರ ಕಂಪು ಧಾರವಾಡ, ಹುಬ್ಬಳ್ಳಿಗಳಿಗೂ ತಲುಪಿತು. ಧಾರವಾಡದಲ್ಲಿ ೧೯೨೮ರಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜವನ್ನು ಸ್ಥಾಪಿಸಿ ವಿಧವೆಯರಿಗೂ ಅನಾಥ ಸ್ತ್ರೀಯರಿಗೂ ನೆಲೆಯನ್ನು, ವಿದ್ಯೆಯನ್ನು ಒದಗಿಸಿದರು. ಹುಬ್ಬಳ್ಳಿಯಲ್ಲಿ ಭಗಿನೀ ಮಂಡಳವನ್ನು ಕಟ್ಟಿದ ಉಮಾಬಾಯಿ ಕುಂದಾಪುರರು ಸ್ವತಃ ೧೯೩೨ರಲ್ಲಿ ಯೆರವಡೆಯ ಸೆರೆಯಲ್ಲಿದ್ದು ಬಂದವರು. ಸತ್ಯಾಗ್ರಹದಲ್ಲಿ ಸೆರೆಯುಂಡು ಹೊರಬಂದು ಹೋಗಲು ನೆಲೆಯಿಲ್ಲದ ಸ್ತ್ರೀಯರಿಗೆ ಅವರ ಮನೆಯೇ ಆಶ್ರಯವಾಯಿತು. ಕಿತ್ತೂರು, ಬೈಲಹೊಂಗಲಗಳಿಗೆ ಧಾರವಾಡವು ನೆರೆಯ ವಿದ್ಯಾಕೇಂದ್ರವಾಗಿದ್ದುದರಿಂದ ಈ ಕಾರ್ಯಗಳು ಈ ಸೀಮೆಗೆ ದೂರದವಾಗಿರಲಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯಿದೆ. ಈ ಆಶ್ರಮಗಳು ಮುಖ್ಯವಾಗಿ ಹುಟ್ಟಿದ್ದು ಪತಿಯಿಲ್ಲದವಳಿಗಾಗಿ. ವಿಧವೆ, ಅನಾಥೆ, ಪರಿತ್ಯಕ್ತೆ ಎಂಬ ಹೆಸರುಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಗಂಡನು ಬದುಕಿದ್ದಾನೆ, ಮನೆಯಿದೆ, ಕೊರಳಲ್ಲಿ ತಾಳಿಯಿದೆ, ಆದರೂ ರಾತ್ರಿ ಕಳೆಯುವ ಭರವಸೆಯಿಲ್ಲ: ಇಂಥವಳಿಗೆ ಹೆಸರೇ ಇರಲಿಲ್ಲ. ಸನಾಥೆಯಾಗಿದ್ದೂ ಅನಾಥೆಯಾದವಳು ಅವಳು. ವಿಧವೆಗೆ ಆಶ್ರಯವಿತ್ತರೆ ಸಮಾಜವು ಮೂಗು ಮುರಿದೀತು. ಸುಮಂಗಲಿಗೆ ಆಶ್ರಯವಿತ್ತರೆ ಮನೆ ಮುರಿದವರೆಂಬ ಅಪವಾದವೂ ಬರುತ್ತಿತ್ತು.

ಆದುದರಿಂದ ಅವಳಿಗೆ ಉಳಿದ ಆಶ್ರಯವು ತವರೊಂದೇ. ತವರೆಂಬ ಮಾತಿಗೆ ಕನ್ನಡದಲ್ಲಿರುವ ಮಾಧುರ್ಯವು ಬೇರೆ ಯಾವ ಮಾತಿಗಿದ್ದೀತು? ಆದರೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದೂ ಕನ್ನಡದ ಗಾದೆಯೇ. ಪಂಚಮಿಗೆ ಬಂದ ಮಗಳಿಗೆ ಜೋಕಾಲಿಯುಂಟು, ಉಂಡೆಯುಂಟು. ಮೈಮೇಲೆ ಬಾಸುಂಡೆಗಳೊಡನೆ ಬಂದವಳಿಗೆ ನಾಲ್ಕು ದಿನದ ಉಪಚಾರ, ಬಳಿಕ ಬುದ್ಧಿವಾದ, ಬಳಿಕ ಹಿರಿಯರ ಜತೆಗೆ ಮರಳಿ ಗಂಡನ ಮನೆ. ತಾಯಿತಂದೆಗಳಿಗೆ ಕರುಣೆಯಿಲ್ಲವೆಂದಲ್ಲ. ಇನ್ನೂ ಮದುವೆಯಾಗಬೇಕಾದ ತಂಗಿಯರುಂಟು, ತುಂಡು ಹೊಲವುಂಟು, ಆ ಮನೆಯಲ್ಲಿ ಅವಳಿಗೆ ಹಕ್ಕಿಲ್ಲ. ಹಕ್ಕಿಲ್ಲದೆಡೆಯಲ್ಲಿ ಕರುಣೆಯು ಎಷ್ಟು ದಿನ ತಾಳೀತು?

೬. ದಯೆಯಿಂದ ಹಕ್ಕಿಗೆ

ಸ್ವಾತಂತ್ರ್ಯದ ಹೊತ್ತಿಗೆ ಈ ಗಂಟು ಸಡಿಲತೊಡಗಿತು. ಗಂಡನೊಡನೆ ಇರುವುದು ಅಪಾಯಕರವಾಗುವಷ್ಟು ಕ್ರೌರ್ಯವಿದ್ದಲ್ಲಿ ಹಿಂದೂ ಪತ್ನಿಯು ಬೇರೆ ವಾಸಿಸಿ ಜೀವನಾಂಶವನ್ನು ಪಡೆಯಬಹುದೆಂದು ೧೯೪೬ರ ಕಾಯಿದೆಯು ಹೇಳಿತು. ಮುಂಬಯಿ ಪ್ರಾಂತವು ೧೯೪೭ರಲ್ಲಿ ಹಿಂದೂ ವಿಚ್ಛೇದನದ ಕಾಯಿದೆಯನ್ನು ಮಾಡಿದುದರಿಂದ, ಮೈಸೂರಿನ ಸ್ತ್ರೀಯರಿಗಿಂತ ಮೊದಲೇ ಬೆಳಗಾವಿಯ ಸ್ತ್ರೀಯರಿಗೆ ಆ ಮಾರ್ಗವು ತೆರೆಯಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯು ದೇಶಕ್ಕೆಲ್ಲ ಒಂದೇ ನಿಯಮವನ್ನು ತಂದಿತು.

೧೯೫೬ರ ಉತ್ತರಾಧಿಕಾರದ ಕಾಯಿದೆಯ ೨೩ನೆಯ ಕಲಮು ತವರಿನ ವಿಷಯದಲ್ಲಿ ಬಹಳ ಮಹತ್ತ್ವದ್ದು. ತಂದೆಯ ವಾಸದ ಮನೆಯಲ್ಲಿ ಇರುವ ಹಕ್ಕು ಮದುವೆಯಾಗದ, ವಿಧವೆಯಾದ, ಗಂಡನಿಂದ ತ್ಯಜಿಸಲ್ಪಟ್ಟ ಇಲ್ಲವೆ ಅವನಿಂದ ಅಗಲಿದ ಮಗಳಿಗೆ ಉಂಟೆಂದು ಅದು ವಿಧಿಸಿತು. ಹೀಗೆ ತವರಿನ ಆಶ್ರಯವು ಮೊದಲ ಬಾರಿಗೆ ಕಾಯಿದೆಯ ಭಾಷೆಯಲ್ಲಿ ಸೇರಿತು. ಆದರೆ ಆ ಮನೆಯನ್ನು ಪಾಲು ಮಾಡೆಂದು ಕೇಳುವ ಅಧಿಕಾರವನ್ನು ಗಂಡುಮಕ್ಕಳ ಇಚ್ಛೆಗೇ ಬಿಟ್ಟಿತು. ಕರ್ನಾಟಕದಲ್ಲಿ ೧೯೯೪ರಿಂದ ಜಾರಿಗೆ ಬಂದ ತಿದ್ದುಪಡಿಯು ಅಂದಿನವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧವಾದ ಪಾಲನ್ನು ಕೊಟ್ಟಿತು. ೨೦೦೫ರ ತಿದ್ದುಪಡಿಯು ಅದನ್ನು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ವಿಸ್ತರಿಸಿ ೨೩ನೆಯ ಕಲಮನ್ನೇ ತೆಗೆದುಹಾಕಿತು. ಈಗ ಮಗಳು ತವರಿಗೆ ಬರುವುದು ಅತಿಥಿಯಾಗಿಯಲ್ಲ, ಪಾಲುಗಾರಳಾಗಿ. ವಿಜ್ಞಾನೇಶ್ವರನ ಹೆಸರಿನಲ್ಲಿ ನಡೆದುಬಂದ ಅವಿಭಕ್ತ ಕುಟುಂಬದೊಳಗೆ ಹೆಣ್ಣಿಗೆ ಪಾಲು ದೊರೆಯಲು ಎಂಟುನೂರು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

೧೯೮೩ರಲ್ಲಿ ಗಂಡನ ಹಾಗೂ ಅವನ ಸಂಬಂಧಿಕರ ಕ್ರೌರ್ಯವು ಅಪರಾಧವೆನಿಸಿತು. ದಂಡಸಂಹಿತೆಯಲ್ಲಿ ಅದಕ್ಕೆ ದೊರೆತ ಸ್ಥಾನವು ಅದೇ ೪೯೮ರ ಮಗ್ಗುಲಲ್ಲಿ, ೪೯೮ ಎ ಎಂದು. ಪರರ ಹೆಂಡತಿಯನ್ನು ಒಯ್ದವನನ್ನು ಶಿಕ್ಷಿಸುವ ಕಲಮಿಗೂ, ತನ್ನ ಹೆಂಡತಿಯನ್ನು ಪೀಡಿಸಿದವನನ್ನು ಶಿಕ್ಷಿಸುವ ಕಲಮಿಗೂ ನಡುವೆ ೧೨೩ ವರ್ಷಗಳ ಅಂತರವಿದೆ. ೨೦೨೪ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ ೮೫ನೆಯ ಕಲಮಿನಲ್ಲಿ ಈ ಅಪರಾಧವು ಉಳಿದುಬಂದಿದೆ. ಆದರೆ ಗಂಡನಿಗೆ ಶಿಕ್ಷೆಯಾದ ಮಾತ್ರಕ್ಕೆ ಹೆಂಡತಿಗೆ ಮಲಗುವ ಸ್ಥಳವು ದೊರೆಯುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು ೨೦೦೫ರಲ್ಲಿ ಅಂಗೀಕೃತವಾಗಿ ೨೦೦೬ರ ಅಕ್ಟೋಬರ ೨೬ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು. ದೇಹದ ಪೀಡೆಯಲ್ಲದೆ ಮಾತಿನ ಪೀಡೆ, ಹಣಕಾಸಿನ ಪೀಡೆ, ಲೈಂಗಿಕ ಪೀಡೆಗಳನ್ನೂ ಅದು ದೌರ್ಜನ್ಯವೆಂದು ಎಣಿಸಿತು. ವಿಧಿವತ್ತಾಗಿ ಮದುವೆಯಾದವಳನ್ನಷ್ಟೇ ಅಲ್ಲದೆ ವಿವಾಹಸದೃಶವಾದ ಸಂಬಂಧದಲ್ಲಿರುವವಳನ್ನೂ ತನ್ನ ರಕ್ಷಣೆಗೆ ಸೇರಿಸಿಕೊಂಡಿತು. ಮನೆಯು ಯಾರ ಹೆಸರಿನಲ್ಲಿಯೇ ಇರಲಿ, ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗುಂಟೆಂದು ಅದರ ೧೭ನೆಯ ಕಲಮು ಸಾರಿತು. ೨೦೦೬ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸಂಕುಚಿತವಾಗಿ ಅರ್ಥಮಾಡಿ, ಅತ್ತೆಮಾವಂದಿರ ಹೆಸರಿನ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲವೆಂದಿತ್ತು; ೨೦೨೦ರಲ್ಲಿ ಸತೀಶ ಚಂದರ ಅಹುಜಾ ಮೊಕದ್ದಮೆಯಲ್ಲಿ ಆ ಅರ್ಥವನ್ನು ಬಿಟ್ಟು ವಿಶಾಲವಾದ ಅರ್ಥವನ್ನು ಹಿಡಿಯಿತು. ಮನೆಬಿಟ್ಟು ಯಾರು ಹೋಗಬೇಕು ಎಂಬ ಪ್ರಶ್ನೆಗೆ, ಹೊಡೆಸಿಕೊಂಡವಳೇ ಹೋಗಬೇಕಾಗಿಲ್ಲವೆಂಬ ಉತ್ತರವು ಇಲ್ಲಿ ದೊರೆಯಿತು.

ಅದೇ ಕಾಯಿದೆಯ ೬ನೆಯ ಕಲಮು ಎರಡನೆಯ ಬಾಗಿಲಿಗೆ ಸಂಬಂಧಿಸಿದ್ದು. ಪೀಡಿತೆಗೆ ಎಡೆಗೊಡೆಂದು ಕೇಳಿದಾಗ ಆಶ್ರಯಗೃಹವು ಎಡೆಗೊಡತಕ್ಕದ್ದು. ಮೊದಲು ಫಿರ್ಯಾದಿಯನ್ನು ಬರೆಯಿಸಿ ಬಾ ಎಂದು ಅವಳನ್ನು ತಿರುಗಿಸಿ ಕಳಿಸಕೂಡದು. ಅವಳು ಬಯಸಿದರೆ ಅವಳಿರುವ ಸಂಗತಿಯನ್ನು ಪ್ರತಿವಾದಿಗೆ ತಿಳಿಸಕೂಡದು ಎಂದು ೨೦೦೬ರ ನಿಯಮಗಳು ಹೇಳುತ್ತವೆ. ಹಿಂದೆ ಆಶ್ರಯವೀಯುವವನಿಗೆ ದಂಡದ ಭಯವಿತ್ತು. ಈಗ ಆಶ್ರಯವೀಯುವುದೇ ಕರ್ತವ್ಯವಾಯಿತು. ಈ ವಿಷಯದ ದೀರ್ಘ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪರಿವರ್ತನೆಯು ಇನ್ನೊಂದಿಲ್ಲ.

೭. ಇಂದಿನ ಸ್ಥಿತಿ

ಕಾಯಿದೆಯ ಬೆನ್ನಿಗೆ ಸಂಸ್ಥೆಗಳೂ ಬೇಕು. ಕರ್ನಾಟಕ ಸರಕಾರವು ೨೦೦೦-೦೧ರಲ್ಲಿ ಸಾಂತ್ವನ ಯೋಜನೆಯನ್ನೂ, ಕೇಂದ್ರ ಸರಕಾರವು ೨೦೦೧-೦೨ರಲ್ಲಿ ಸ್ವಾಧಾರ ಯೋಜನೆಯನ್ನೂ ಆರಂಭಿಸಿದವು. ೨೦೧೫ರಿಂದ ಜಿಲ್ಲಾ ಕೇಂದ್ರಗಳಲ್ಲಿ ಸಖಿ ಕೇಂದ್ರಗಳು ತೆರೆಯತೊಡಗಿದವು. ವೈದ್ಯ, ವಕೀಲ, ಪೋಲೀಸು ಇವರ ನೆರವೂ ಕೆಲದಿನಗಳ ವಸತಿಯೂ ಒಂದೇ ಸೂರಿನಡಿ ದೊರೆಯಬೇಕೆಂಬುದು ಅವುಗಳ ಉದ್ದೇಶವು. ೨೦೨೨ರಿಂದ ಸ್ವಾಧಾರ ಗೃಹಗಳು ಶಕ್ತಿ ಸದನವೆಂಬ ಯೋಜನೆಯಲ್ಲಿ ಸೇರಿದವು. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯಿದೆಯ ಸಂರಕ್ಷಣಾಧಿಕಾರಿಯು. ಅಂಗನವಾಡಿಗಳ ಮೇಲ್ವಿಚಾರಣೆಯ ಭಾರವನ್ನು ಹೊತ್ತ ಅದೇ ಹೆಗಲ ಮೇಲೆ ಇದನ್ನೂ ಹೊರಿಸಲಾಗಿದೆ.

ಆಶ್ರಯಗೃಹದ ಕಷ್ಟಗಳು ಹೊರಗಿನವರಿಗೆ ಕಾಣತಕ್ಕವಲ್ಲ. ಸ್ವಾಧಾರ ಗೃಹಗಳ ೨೦೧೫ರ ನಿಯಮಗಳ ಪ್ರಕಾರ ಕೌಟುಂಬಿಕ ದೌರ್ಜನ್ಯಕ್ಕೊಳಗಾದವಳು ಒಂದು ವರ್ಷದ ವರೆಗೆ ಇರಬಹುದಾಗಿತ್ತು. ಜೊತೆಗೆ ಹದಿನೆಂಟರ ವರೆಗಿನ ಹೆಣ್ಣುಮಕ್ಕಳಿಗೂ ಎಂಟು ವರ್ಷದ ವರೆಗಿನ ಗಂಡುಮಕ್ಕಳಿಗೂ ಅವಕಾಶವಿತ್ತು. ಒಂಬತ್ತು ವರ್ಷದ ಮಗನುಳ್ಳ ತಾಯಿಯು ಏನು ಮಾಡಬೇಕು? ಮಗನನ್ನು ಬಿಟ್ಟು ಸೂರನ್ನು ಪಡೆಯಬೇಕೋ, ಮಗನಿಗಾಗಿ ಹೊಡೆತಕ್ಕೆ ಮರಳಬೇಕೋ? ಇಂಥ ಒಂದೊಂದು ಅಂಕೆಯ ಹಿಂದೆಯೂ ಒಂದೊಂದು ಮನೆಯ ಗೋಳಿರುತ್ತದೆ. ರಾತ್ರಿಯ ದೂರವೂ ಅಷ್ಟೇ ಕಠಿಣವಾದದ್ದು. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರು. ಕಂಕುಳಲ್ಲೊಂದು ಕೂಸು, ಕೈಯಲ್ಲಿ ಕಾಸಿಲ್ಲ, ಕೊನೆಯ ಬಸ್ಸು ಹೋಗಿಯಾಗಿದೆ. ಅಂಥ ಹೊತ್ತಿನಲ್ಲಿ ಜಿಲ್ಲಾ ಕೇಂದ್ರದ ಸಖಿಯು ಅವಳಿಗೆ ಕಾಶಿಯಷ್ಟೇ ದೂರವು.

ಇದು ಕೆಲವೇ ಮನೆಗಳ ಮಾತೆಂದು ತಿಳಿಯಲಾಗದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೆಂಟರಿಂದ ನಲವತ್ತೊಂಬತ್ತು ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ೪೪ರಷ್ಟು ಜನರು ಪತಿಯಿಂದ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಇದು ನೂರಕ್ಕೆ ೨೧ರಷ್ಟಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳುವ ಧೈರ್ಯವು ಇಮ್ಮಡಿಯಾಯಿತೋ, ಅಂತೂ ಸಂಖ್ಯೆಯು ಸಣ್ಣದಲ್ಲ. ದೇಶದಲ್ಲೆಲ್ಲ ನೋಡಿದರೆ ಹಿಂಸೆಗೊಳಗಾದವರಲ್ಲಿ ನೆರವನ್ನು ಬೇಡಿದವರು ನೂರಕ್ಕೆ ೧೪ ಜನ ಮಾತ್ರ. ಅವರಲ್ಲಿಯೂ ಹೆಚ್ಚಿನವರು ಬೇಡಿದ್ದು ತವರಿನವರನ್ನೇ, ಪೋಲೀಸರನ್ನಾಗಲಿ ವಕೀಲರನ್ನಾಗಲಿ ಅಲ್ಲ.

ಅಂದ ಮೇಲೆ, ಇಷ್ಟೆಲ್ಲ ಕಾಯಿದೆಗಳಾದ ನಂತರವೂ ಹೆಣ್ಣು ಮೊದಲು ತಟ್ಟುವ ಬಾಗಿಲು ಸರಕಾರದ್ದಲ್ಲ. ತಾಯಿಯದು, ಅಣ್ಣನದು, ನೆರೆಯವರದು. ಆ ಬಾಗಿಲಿನೊಳಗಿರುವವರಿಗೆ ತಿಳಿದಿರಬೇಕಾದುದು ಸ್ವಲ್ಪವೇ: ಅವಳಿಗೆ ಎಡೆಗೊಡುವುದು ಮನೆ ಮುರಿಯುವ ಕೃತ್ಯವಲ್ಲ, ಅವಳನ್ನು ಮರುದಿನವೇ ಒಪ್ಪಿಸಿ ಬರುವುದು ಹಿರಿತನವಲ್ಲ, ೧೮೧ನೆಯ ಸಂಖ್ಯೆಗೆ ಫೋನು ಮಾಡಿದರೆ ಹಗಲು ರಾತ್ರಿ ನೆರವಿನ ದಾರಿಯು ತಿಳಿಯುವುದು, ತಾಲೂಕಿನ ಸಂರಕ್ಷಣಾಧಿಕಾರಿಗೆ ಅವಳಲ್ಲದೆ ನೆರೆಯವರೂ ಸುದ್ದಿಯನ್ನು ಕೊಡಬಹುದು, ಸದ್ಭಾವದಿಂದ ಕೊಟ್ಟವರಿಗೆ ಯಾವ ಹೊಣೆಯೂ ಬರುವುದಿಲ್ಲವೆಂದು ಕಾಯಿದೆಯ ೪ನೆಯ ಕಲಮೇ ಹೇಳಿದೆ. ಕೌಟಿಲ್ಯನು ಆಪತ್ಕಾಲವೆಂದು ಬಿಟ್ಟುಕೊಟ್ಟ ವಿನಾಯಿತಿಯು ಇಂದು ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲಿದೆ. ನಾಲ್ಕು ತಾಲೂಕುಗಳಲ್ಲಿ ಒಂದೊಂದು ಆಶ್ರಯಗೃಹವು ನಡೆಯಬೇಕಾದುದು ಸರಕಾರದ ಕೆಲಸ, ಅದನ್ನು ಕೇಳಿ ಪಡೆಯಬೇಕಾದುದು ಜನರ ಕೆಲಸ. ಅದು ಆಗುವ ವರೆಗೂ, ಆದ ಮೇಲೂ, ರಾತ್ರಿಯಲ್ಲಿ ಬಾಗಿಲು ತಟ್ಟಿದ ಹೆಂಗಸಿಗೆ ಎದ್ದು ಅಗುಳಿಯನ್ನು ತೆಗೆಯುವ ಕೆಲಸವು ಆ ಮನೆಯವರದೇ ಆಗಿರುವುದು.